ಧನರಾಜನ ಏಳನೆಯ ಫೋಟೋ

ಫೋಟೋದಲ್ಲಿ ಅಣ್ಣನ ಮುಖ ಹಸಿರಾಗಿ ಕಾಣುವುದಕ್ಕೆ ಎದುರುಮನೆಯ ಗೋಡೆ ಕಾರಣ ಎಂಬುದನ್ನು ಕಂಡುಹಿಡಿಯಲು ಅನುರಾಧಾಳಿಗೆ ಮೂರು ದಿನ ಬೇಕಾಯಿತು. ಮೊದಲ ದಿನ ಅವಳು ಮೊಬೈಲನ್ನು ದೂರಿದಳು. ಎರಡನೆಯ ದಿನ ಕೋಣೆಯ ಟ್ಯೂಬ್‌ಲೈಟಿನ ಮೇಲೆ ಅನುಮಾನಪಟ್ಟು ಅದನ್ನು ಆರಿಸಿ ನೋಡಿದಳು. ಮೂರನೆಯ ದಿನ, ಶನಿವಾರ ಬೆಳಿಗ್ಗೆ, ಕಿಟಕಿಯ ಬಳಿ ಒಂದು ಬಿಳಿ ಹಾಳೆ ಹಿಡಿದಾಗ ಅದರ ಮೇಲೂ ಅದೇ ಎಳೆಹಸಿರು ಬಿತ್ತು. ಕಿಟಕಿ ಉತ್ತರಕ್ಕಿತ್ತು, ನೇರ ಬಿಸಿಲು ಅಲ್ಲಿ ಬರುತ್ತಿರಲಿಲ್ಲ. ಆದರೆ ಆರು ಅಡಿಯ ಓಣಿಯ ಆಚೆ, ದರ್ಜಿ ಶಂಶುದ್ದೀನನ ಮನೆಯ ಗೋಡೆ ಈದ್ ಹಬ್ಬಕ್ಕೆಂದು ಬಳಿದ ಹೊಸ ಗಿಣಿಹಸಿರು ಬಣ್ಣದಲ್ಲಿ ಬಿಸಿಲು ಕಾಯಿಸುತ್ತ ನಿಂತಿತ್ತು. ಆ ಗೋಡೆಗೆ ಬಡಿದ ಬಿಸಿಲು ಹೊರಳಿ ಇವರ ಮನೆಯೊಳಗೆ ಬೆಳಕಾಗಿ ಬರುತ್ತಿತ್ತು.

ಭೌತಶಾಸ್ತ್ರ ಓದಿ ಬಿ.ಎಸ್ಸಿ. ಮುಗಿಸಿದವಳಿಗೆ, ಅದರಲ್ಲೂ ಹೈಸ್ಕೂಲಿನ ಮಕ್ಕಳಿಗೆ ಬೆಳಕಿನ ಪ್ರತಿಫಲನವನ್ನು ಪಾಠ ಮಾಡುವವಳಿಗೆ, ಇದು ಮೊದಲ ದಿನವೇ ಹೊಳೆಯಬೇಕಾಗಿತ್ತು. ಹೊಳೆಯಲಿಲ್ಲವೆಂದರೆ ತಾನು ಎಷ್ಟು ದಣಿದಿರಬೇಕು ಎಂದು ಅವಳು ಲೆಕ್ಕ ಹಾಕಿದಳು.

ಧನರಾಜನಿಗೆ ಮೂವತ್ತೈದು ವರ್ಷ. ಹುಮನಾಬಾದಿನ ಬಸ್‌ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ಅವನದೊಂದು ಪೈಪು-ನಲ್ಲಿಗಳ ಅಂಗಡಿ. ದಿನವೂ ಬಸವಕಲ್ಯಾಣದಿಂದ ಬೆಳಗಿನ ಬಸ್ಸಿಗೆ ಹೋಗಿ ದೀಪ ಹಚ್ಚುವ ಹೊತ್ತಿಗೆ ತಿರುಗಿ ಬರುತ್ತಿದ್ದ. ಎಂಟು ವರ್ಷಗಳಿಂದ ಅವನಿಗೆ ಕನ್ಯೆ ಹುಡುಕುತ್ತಿದ್ದರು. ಕನ್ಯೆಯ ಮನೆಯವರು ನೌಕರಿ ಕೇಳುತ್ತಿದ್ದರು. ನೌಕರಿ ಕೇಳದವರು ಫೋಟೋ ಕೇಳುತ್ತಿದ್ದರು. ಹೀಗಾಗಿ ಆರು ಫೋಟೋಗಳಾಗಿದ್ದವು. ಮೊದಲನೆಯದು ಸ್ಟುಡಿಯೋದ ಕೆಂಪು ಪರದೆಯ ಮುಂದೆ, ಎರವಲು ಕೋಟಿನಲ್ಲಿ ತೆಗೆದದ್ದು. ಆಗ ತಲೆಯಲ್ಲಿ ಕೂದಲು ದಂಡಿಯಾಗಿತ್ತು, ಕೋಟು ಮಾತ್ರ ಹೆಗಲಿನಿಂದ ಜಾರುತ್ತಿತ್ತು. ಮುಂದಿನ ಫೋಟೋಗಳಲ್ಲಿ ಕೋಟು ಮೈಗೆ ಕೂಡುತ್ತ ಹೋದಂತೆ ಕೂದಲು ಕಡಿಮೆಯಾಗುತ್ತ ಬಂತು. ಐದನೆಯದನ್ನು ಸಂಬಂಧಿಕರ ಮದುವೆಯ ಗುಂಪಿನಿಂದ ಕತ್ತರಿಸಿದ್ದರಿಂದ ಅವನ ಭುಜದ ಮೇಲೆ ಬಳೆ ತೊಟ್ಟ ಒಂದು ಕೈ ಉಳಿದುಬಿಟ್ಟಿತ್ತು. 'ಈ ಕೈ ಯಾರದ್ರಿ?' ಎಂದು ನಾರಾಯಣಪುರದವರು ಕೇಳಿ, ಉತ್ತರಕ್ಕೆ ಕಾಯದೆ ಎದ್ದುಹೋಗಿದ್ದರು. ಆರನೆಯದನ್ನು ಕಂಪ್ಯೂಟರಿನಲ್ಲಿ ಎಷ್ಟು ಬೆಳ್ಳಗೆ ಮಾಡಿಸಿದ್ದರೆಂದರೆ ವಿಭೂತಿ ಎಲ್ಲಿ ಮುಗಿಯಿತು, ಹಣೆ ಎಲ್ಲಿ ಮೊದಲಾಯಿತು ಎಂಬುದು ತಿಳಿಯುತ್ತಿರಲಿಲ್ಲ.

ಏಳನೆಯದನ್ನು ತಾನೇ ಮನೆಯಲ್ಲಿ ತೆಗೆಯುತ್ತೇನೆಂದು ಅನುರಾಧಾ ಹೇಳಿದ್ದು ಅಣ್ಣನ ಮೇಲಿನ ಪ್ರೀತಿಯಿಂದ ಎಂದು ತಾಯಿ ಪಾರ್ವತಿಬಾಯಿ ತಿಳಿದಿದ್ದಳು. ಪ್ರೀತಿ ಇತ್ತು, ಆದರೆ ಕಾರಣ ಬೇರೆ ಇತ್ತು.

ಕಳೆದ ತಿಂಗಳು ಮುಡಬಿಯ ಒಂದು ಮನೆಯವರು ಮಾತು ಕಳುಹಿಸಿದ್ದರು. ಅವರಿಗೊಬ್ಬ ಮಗಳು, ಒಬ್ಬ ಮಗ. ಮಗಳನ್ನು ಧನರಾಜನಿಗೆ ಕೊಡುತ್ತಾರೆ. ಬದಲಿಗೆ ಅನುರಾಧಾಳನ್ನು ತಮ್ಮ ಮಗ ವೀರಭದ್ರನಿಗೆ ತಂದುಕೊಳ್ಳುತ್ತಾರೆ. ಇದಕ್ಕೆ ಸಾಟಿ ಲಗ್ನವೆಂದು ಹೆಸರು. ವೀರಭದ್ರ ಕೆಟ್ಟವನೆಂದು ಯಾರೂ ಹೇಳಿರಲಿಲ್ಲ, ಒಳ್ಳೆಯವನೆಂದೂ ಹೇಳಿರಲಿಲ್ಲ. ಅವನು ಹೇಗಿದ್ದಾನೆಂಬುದು ಮಾತಿಗೇ ಬಂದಿರಲಿಲ್ಲ. ತಕ್ಕಡಿಯ ಒಂದು ತಟ್ಟೆಗೆ ಒಬ್ಬಳು ಬಂದರೆ ಇನ್ನೊಂದು ತಟ್ಟೆಗೆ ಒಬ್ಬಳು ಬೇಕು, ಅಷ್ಟೇ.

ತಂದೆ ಬಕ್ಕಪ್ಪ ಇಲ್ಲವೆನ್ನಲಿಲ್ಲ. ಹುಮನಾಬಾದಿನಲ್ಲಿ ಸಮಾಜದವರು ವಧು-ವರರ ಒಂದು ಪುಸ್ತಕ ತರುವವರಿದ್ದರು. ಅದರ ಪುಟಗಳು ಎಲ್ಲರ ಮೊಬೈಲಿಗೂ ಹೋಗುತ್ತಿದ್ದವು. 'ಆ ಪುಸ್ತಕ ಬರ್ಲಿ,' ಎಂದಿದ್ದ ಬಕ್ಕಪ್ಪ. 'ಅಮಾಸಿ ತನಕ ನೋಡೋಣು. ಯಾರೂ ಬರ್ಲಿಲ್ಲಂದ್ರ ಮುಡಬಿಯವ್ರಿಗೆ ಹ್ಞೂಂ ಅಂದ್ಬಿಡೋಣು.'

ಆ ಮಾತು ನಡೆದಾಗ ಧನರಾಜ ಊಟಕ್ಕೆ ಕುಳಿತಿದ್ದ. ರೊಟ್ಟಿ ಮುರಿದ, ಪಲ್ಲೆ ಹಚ್ಚಿದ, ಬಾಯಿಗಿಟ್ಟುಕೊಂಡ. ಅವನು ಒಂದು ಮಾತು ಆಡುತ್ತಾನೆಂದು ಅನುರಾಧಾ ಆ ರೊಟ್ಟಿ ಮುಗಿಯುವವರೆಗೆ ಕಾದಳು; ಇನ್ನೊಂದು ರೊಟ್ಟಿ ಮುಗಿಯುವವರೆಗೂ ಕಾದಳು. ಅವನು ಕೈ ತೊಳೆದು ಎದ್ದುಹೋದ. ಅಂದಿನಿಂದ ಅವಳು ಅವನನ್ನು ಏನೂ ಕೇಳಲಿಲ್ಲ. ಕೇಳುವುದಕ್ಕಿಂತ ಫೋಟೋ ತೆಗೆಯುವುದು ಸುಲಭವಾಗಿತ್ತು.

ಭಾನುವಾರ ಹತ್ತು ಗಂಟೆಗೆ ಅವಳು ಓಣಿ ದಾಟಿ ಎದುರುಮನೆಯ ಬಾಗಿಲಲ್ಲಿ ನಿಂತಳು.

'ಚಾಚಾ, ನಿಮ್ಮ ಗ್ವಾಡಿಗೆ ಒಂದು ತಾಸು ಬಿಳಿ ಅರಬಿ ಕಟ್ಲೇನ್ರಿ?'

ಶಂಶುದ್ದೀನ ಹೊಲಿಗೆಯಂತ್ರದಿಂದ ಕಾಲು ತೆಗೆದ. 'ಯಾಕ ಬೇಟಿ, ನನ್ನ ಗ್ವಾಡಿ ಏನ್ ತಪ್ಪು ಮಾಡ್ಯದ?'

'ಅದರ ಬಣ್ಣ ಅಣ್ಣನ ಮಾರಿ ಮ್ಯಾಲ ಬೀಳಾಕತ್ತದ್ರಿ.'

'ಪಂದ್ರಾ ದಿನ ಹುಡುಕಿ ತಂದ ಬಣ್ಣ ಅದು. ಓಣಿ ಮಂದಿಯೆಲ್ಲ ಚಲೋ ಅದ ಅಂದಾರ. ನಿಮ್ಮಣ್ಣನ ಮಾರಿಗಷ್ಟೇ ಹೊಂದಲಿಲ್ಲ ನೋಡು.' ಹಾಗೆನ್ನುತ್ತಲೇ ಪೈಜಾಮಾ ಹೊಲಿಯಲು ತಂದಿದ್ದ ಬಿಳಿ ಬಟ್ಟೆಯ ಥಾನನ್ನು ಹೊತ್ತು ತಂದ. ನಿಚ್ಚಣಿಕೆಯನ್ನೂ ತಾನೇ ಹಚ್ಚಿದ. 'ಲಗ್ನಕ್ಕ ಶೇರ್ವಾನಿ ನನ್ನ ಕಡೇನೇ ಹೊಲಿಸ್ಬೇಕು. ಇಲ್ಲಾಂದ್ರ ಮುಂದಿನ ಈದಿಗೆ ಕೆಂಪು ಹಚ್ಚತೀನಿ, ಹೇಳಿರ್ತೀನಿ.'

ಗೋಡೆ ಬಿಳಿಯಾಯಿತು. ಕೋಣೆಯೊಳಗಿನ ಬೆಳಕು ತೊಳೆದಿಟ್ಟಂತೆ ತಿಳಿಯಾಯಿತು.

ಉಳಿದದ್ದನ್ನೆಲ್ಲ ಅವಳು ಮೊದಲೇ ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಸ್ಟೂಲು ಕಿಟಕಿಯಿಂದ ಮೂರು ಅಡಿ. ಅದಕ್ಕಿಂತ ಹತ್ತಿರ ಕುಳಿತರೆ ಒಂದು ಕೆನ್ನೆ ಸುಣ್ಣವಾಗುತ್ತದೆ, ದೂರ ಕುಳಿತರೆ ಬೆಳಕು ಸೋಲುತ್ತದೆ. ಹಳೆಯ ಕಿಟಕಿಗೆ ಮೇಲೊಂದು ಕೆಳಗೊಂದು ಎರಡು ಜೊತೆ ಕದಗಳಿದ್ದವು. ಮೇಲಿನ ಕದಗಳನ್ನು ಮುಚ್ಚಿದರೆ ಬೆಳಕು ಕಣ್ಣಿನ ಮಟ್ಟದಿಂದ ಬಂದು, ಕಣ್ಣಿನ ಕೆಳಗಿನ ಕಪ್ಪು ಗುಳಿಗಳನ್ನು ತುಂಬುತ್ತಿತ್ತು. ಬೋಳಾದ ನೆತ್ತಿ ತಾನಾಗಿಯೇ ನೆರಳಿಗೆ ಸರಿಯುತ್ತಿತ್ತು. ಇನ್ನೊಂದು ಕೆನ್ನೆಯ ನೆರಳನ್ನು ಹಗುರಗೊಳಿಸಲು ಟಿ.ವಿ. ಡಬ್ಬಿಯಿಂದ ತೆಗೆದ ಥರ್ಮಾಕೋಲ್ ಹಲಗೆಯನ್ನು ಕುರ್ಚಿಗೆ ಆನಿಸಿ ನಿಲ್ಲಿಸಿದಳು. ಮೊಬೈಲನ್ನು ಮುಖದ ಹತ್ತಿರ ಒಯ್ಯಬಾರದು, ಮೂಗು ದಪ್ಪವಾಗುತ್ತದೆ. ಎಂಟು ಹೆಜ್ಜೆ ಹಿಂದೆ ನಿಂತು ಚಿತ್ರವನ್ನು ಹಿಗ್ಗಿಸಿಕೊಳ್ಳಬೇಕು. ವಿಭೂತಿಯ ಬಿಳುಪು ಉಳಿದೆಲ್ಲವನ್ನೂ ಕಪ್ಪಾಗಿಸದಂತೆ ಬೆಳಕಿನ ಅಳತೆಯನ್ನು ಹಣೆಯಿಂದಲ್ಲ, ಕೆನ್ನೆಯಿಂದ ತೆಗೆದುಕೊಳ್ಳಬೇಕು.

ಧನರಾಜ ಮಾಸಿದ ಕೆನೆಬಣ್ಣದ ಅಂಗಿ ತೊಟ್ಟು ಬಂದು ಕುಳಿತ. ಮಿಂಚುವ ನೀಲಿ ಅಂಗಿ ಹಾಕಿಸಬೇಕೆಂದು ಪಾರ್ವತಿಬಾಯಿ ಹಟ ಹಿಡಿದಿದ್ದಳು. ಮಿಂಚು ಬೆಳಕನ್ನು ಕದಿಯುತ್ತದೆಂದು ಮಗಳು ಒಪ್ಪಿರಲಿಲ್ಲ.

'ಜರಾ ನಗು ಅಂತ ಹೇಳ ಅವಂಗ,' ಎಂದಳು ತಾಯಿ ಬಾಗಿಲಿನಿಂದ. 'ದವಾಖಾನ್ಯಾಗ ಸೂಜಿಗಿ ಕೂತಂಗ ಕೂತಾನ.'

'ನಕ್ರ ಹಲ್ಲು ಕಾಣ್ತಾವ, ನಗಲಿಲ್ಲಂದ್ರ ವಯಸ್ಸು ಕಾಣ್ತದ,' ಎಂದ ಧನರಾಜ. 'ಯಾವ್ದು ಬೇಕು ಹೇಳವ್ವಾ, ಅದನ್ನ ತೋರಸ್ತೀನಿ.'

'ಅಣ್ಣಾ, ಮಾತಾಡಬ್ಯಾಡ. ಗದ್ದ ಜರಾ ಕೆಳಗ. ಕಣ್ಣು ಮುಚ್ಚು. ನಾ ಮೂರು ಅಂದಾಗ ತಗಿ.'

ಕಣ್ಣು ಮುಚ್ಚಿ ತೆರೆದ ಮುಖದಲ್ಲಿ ಒಂದು ಗಳಿಗೆ ಬಿಗಿತವಿರುವುದಿಲ್ಲ ಎಂಬುದನ್ನು ಅವಳು ಎಲ್ಲೋ ಓದಿದ್ದಳು. ಒಂದು ಎಂದಳು, ಎರಡು ಎಂದಳು, ಮೂರು ಎಂದಳು. ಅವನು ಕಣ್ಣು ತೆರೆಯಲಿಲ್ಲ. ಮತ್ತೊಮ್ಮೆ ಮೂರು ಎಂದಳು. ಬೆನ್ನು ನೆಟ್ಟಗಿದ್ದಂತೆಯೇ, ಕೈಗಳು ತೊಡೆಯ ಮೇಲೆ ಇದ್ದಂತೆಯೇ ಅವನಿಗೆ ನಿದ್ದೆ ಹತ್ತಿತ್ತು.

ಪಾರ್ವತಿಬಾಯಿ ಕೂಗಲು ಬಾಯಿ ತೆರೆದಳು. ಅನುರಾಧಾ ಕೈ ಎತ್ತಿ ತಡೆದಳು. ಎರಡು ನಿಮಿಷ ಅವನನ್ನು ಹಾಗೆಯೇ ಬಿಟ್ಟು ನೋಡುತ್ತ ನಿಂತಳು. ಆ ಮೆದುವಾದ ಬೆಳಕಿನಲ್ಲಿ ಅಣ್ಣನ ಮುಖವನ್ನು ನೋಡುವುದು, ಕಂಡವರ ಮನೆಯ ತೆರೆದ ಬಾಗಿಲಿನಿಂದ ಒಳಗೆ ಇಣುಕಿದಂತಿತ್ತು. ಅವನ ಮೌನದ ಮೇಲೆ ಇಷ್ಟು ದಿನ ಹೊತ್ತಿದ್ದ ಸಿಟ್ಟನ್ನು ಎಲ್ಲಿ ಇಳಿಸುವುದೆಂದು ಅವಳಿಗೆ ತಿಳಿಯಲಿಲ್ಲ.

'ಆತೇನ ಬೇಟಿ?' ಹೊರಗಿನಿಂದ ಶಂಶುದ್ದೀನ ಕೂಗಿದ. 'ಗಿರಾಕಿ ಬಂದು ಕುಂತಾನ. ತನ್ನ ಪೈಜಾಮಾ ಗ್ವಾಡಿ ಮ್ಯಾಲ ಯಾಕ ಹಾರಾಡಾಕತ್ತದ ಅಂತ ಕೇಳಾಕತ್ತಾನ.'

ಧನರಾಜ ಕಣ್ಣು ತೆರೆದ. ಎಲ್ಲಿದ್ದೇನೆಂಬುದು ತಿಳಿಯುವ ಮೊದಲೇ ಆ ಮಾತು ಕಿವಿಗೆ ಬಿದ್ದು ತುಟಿಯ ಒಂದು ಬದಿ ಸಡಿಲಾಯಿತು. ಅನುರಾಧಾ ಒತ್ತಿದಳು.

ಫೋಟೋದಲ್ಲಿ ಇಪ್ಪತ್ತೊಂಬತ್ತರ ಒಬ್ಬ ಯುವಕನಿದ್ದ. ನೆಮ್ಮದಿಯಿಂದ ನಿದ್ದೆ ಮಾಡಿ ಎದ್ದವನು, ಯಾರನ್ನೋ ಕಂಡು ಇದೀಗ ಮಾತಾಡಲಿರುವವನು. ಅವಳು ಒಂದು ಚುಕ್ಕೆಯನ್ನೂ ತಿದ್ದಲಿಲ್ಲ. ಇದರಲ್ಲಿ ಸುಳ್ಳೇನೂ ಇಲ್ಲ ಎಂದು ತನಗೆ ತಾನೇ ಎರಡು ಸಲ ಹೇಳಿಕೊಂಡಳು.

ಧನರಾಜ ಮೊಬೈಲನ್ನು ಇಸಿದುಕೊಂಡು ನೋಡಿದ. 'ಯಾರಿಂವ?'

'ನೀನೇ.'

'ಚಲೋ ಅದಾನ,' ಎಂದು ಹಿಂದಿರುಗಿಸಿದ.

ಬುಧವಾರ ಪುಸ್ತಕ ಬಂತು. ಮುಂದಿನ ಸೋಮವಾರ ಹುಮನಾಬಾದಿನಿಂದ ಬಸವಕುಮಾರ ಎಂಬ ನಿವೃತ್ತ ಮಾಸ್ತರರ ಫೋನು ಬಂತು. ಅವರ ಮಗಳು ಶೀತಲ್‌ಗೆ ಮೂವತ್ತೊಂದು ವರ್ಷ. ಒಂದು ಖಾಸಗಿ ಶಾಲೆಯ ಕಚೇರಿಯಲ್ಲಿ ಕೆಲಸ. ಹುಡುಗನ ಫೋಟೋ ಮನೆಮಂದಿಗೆಲ್ಲ ಹಿಡಿಸಿತ್ತು. 'ನಿಮ್ಮ ಮನಿಗಿ ಆಮ್ಯಾಲ ಬರ್ತೀವ್ರಿ. ಹುಡುಗನ ದುಕಾನ್ ನಮ್ಮೂರಾಗೇ ಅದಲ್ಲ, ಮೊದ್ಲ ಹಂಗೇ ಹೋಗಿ ನೋಡ್ಕೊಂಡು ಬರ್ತೀವಿ,' ಎಂದರು. ತಿಳಿಸಿದರೆ ಗಾಬರಿಯಾಗುತ್ತಾನೆಂದು ಬಕ್ಕಪ್ಪ ಮಗನಿಗೆ ಹೇಳಲಿಲ್ಲ. ಅನುರಾಧಾ ಅಂದು ಎಷ್ಟೋ ದಿನಗಳ ಮೇಲೆ ಶಾಲೆಯಿಂದ ನಡೆದುಕೊಂಡೇ ಮನೆಗೆ ಬಂದಳು. ಅರ್ಧ ತುಂಬಿ ಬಿಟ್ಟಿದ್ದ ಎಂ.ಎಸ್ಸಿ. ಅರ್ಜಿಯನ್ನು ತೆರೆದು, ವಿಳಾಸದ ಸಾಲಿನವರೆಗೆ ತುಂಬಿದಳು.

ಮಂಗಳವಾರ ಸಂಜೆ ಧನರಾಜ ಬಸ್ಸಿಳಿದು ಬಂದವನು ಒಳಗೆ ಹೋಗಲಿಲ್ಲ. ಕಟ್ಟೆಯ ಮೇಲೆ ತಂಗಿಯ ಪಕ್ಕದಲ್ಲಿ ಕುಳಿತ. ಮೊಣಕೈವರೆಗೆ ಪೈಪಿನ ಧೂಳು ಹಾಗೇ ಇತ್ತು.

'ಇವತ್ತ ದುಕಾನಿಗಿ ಒಬ್ಬ ಮಾಸ್ತರು ಬಂದಿದ್ರು. ಜೋಡಿ ಅವ್ರ ಅಕ್ಕ.'

ಅನುರಾಧಾ ಅವನ ಕಡೆ ತಿರುಗಿದಳು. 'ಏನಂದ್ರು?'

'ನಾ ನಿಚ್ಚಣಿಕಿ ಮ್ಯಾಲಿದ್ದೆ, ಪೈಪ್ ಇಳಸಾಕತ್ತಿದ್ದೆ. ಮಾಸ್ತರು ಮೊಬೈಲ್ ಮ್ಯಾಲ ಎತ್ತಿ ಫೋಟೋ ತೋರ್ಸಿದ್ರು. "ತಮ್ಮಾ, ನಿಮ್ಮ ಸಾವ್ಕಾರ್ರು ಅದಾರೇನು?" ಅಂದ್ರು.'

'ನೀ ಏನಂದಿ?'

'ಊರಿಗಿ ಹೋಗ್ಯಾರ್ರಿ ಅಂದೆ.'

ಅವನೇ ಮುಂದುವರಿಸಿದ. 'ಚಾ ತರಿಸ್ದೆ. ಕುಡದ್ರು. ಆ ಅವ್ವ "ಸಾವ್ಕಾರ್ರು ಮಂದಿ ಹ್ಯಾಂಗ ತಮ್ಮಾ?" ಅಂತ ಕೇಳಿದ್ರು. ಚಲೋ ಮಂದಿ ಅದಾರವ್ವಾ, ಪಗಾರ ಟೈಮಿಗಿ ಕೊಡ್ತಾರ ಅಂದೆ.'

ಬೇರೆ ಯಾವ ದಿನವಾಗಿದ್ದರೂ ಅವಳು ನಗುತ್ತಿದ್ದಳು. 'ಅಣ್ಣಾ,' ಎಂದಳು, 'ಶನಿವಾರ ಅಮಾಸಿ.'

'ಗೊತ್ತದ.'

ಆ ವಿಷಯ ಅವರಿಬ್ಬರ ನಡುವೆ ಬಂದದ್ದು ಅದೇ ಮೊದಲು. ಅವನಿಗೆ ಗೊತ್ತಿತ್ತು, ದಿನಗಳನ್ನು ಅವನೂ ಎಣಿಸುತ್ತಿದ್ದ.

'ಗೊತ್ತಿದ್ದೂ ಯಾಕ ಹಂಗ ಅಂದಿ?'

'ಅವ್ರು ಹುಡಕ್ಕೊಂಡು ಬಂದಾಂವ ಬ್ಯಾರೆ, ಅನೂ. ನಾನೇ ಅಂವ ಅಂದ್ರ ಅವ್ರ ಮಾರಿ ಹ್ಯಾಂಗ ಆಗ್ತದ, ಅದು ನಂಗ ಪಾಠ ಆಗ್ಯದ. ಎಂಟು ವರ್ಷ ನೋಡೀನಿ. ಇವತ್ತ ಒಂದು ದಿನ ನೋಡೂದು ಆಗ್ಲಿಲ್ಲ.' ಅಂಗೈಯಿಂದ ಮುಖ ಒರೆಸಿಕೊಂಡ. ಧೂಳು ಕೈಯಿಂದ ಮುಖಕ್ಕೆ ಬಂತು. 'ಬೇಸ್ತವಾರ ಹನ್ನೊಂದಕ್ಕ ಸಾವ್ಕಾರ್ರು ಇರ್ತಾರ, ಬರ್ರಿ ಅಂತ ಹೇಳೀನಿ.'

ಗುರುವಾರ ಅನುರಾಧಾ ಶಾಲೆಗೆ ರಜೆ ಹಾಕಿ ಅವನೊಂದಿಗೆ ಹೊರಟಳು. ಅಂಗಡಿಯ ಷಟರ್ ಎತ್ತಿದೊಡನೆ ಅವಳು ಹೊಸ್ತಿಲಲ್ಲಿ ನಿಂತು ಬೆಳಕನ್ನು ನೋಡಿದಳು. ಬಾಗಿಲು ಪೂರ್ವಕ್ಕೆ, ಬಿಸಿಲು ಮುಂದಿನ ತಗಡಿನ ಚಪ್ಪರದ ಮೇಲೇ ನಿಂತು, ಒಳಗೆ ನಾಲ್ಕು ಅಡಿಯವರೆಗೆ ತಂಪಾದ ಬೆಳಕಷ್ಟೇ ಬರುತ್ತಿತ್ತು. ಅಣ್ಣ ಕುಳಿತುಕೊಳ್ಳುವ ಜಾಗವಾದರೋ ಅದರಾಚೆ, ನೆತ್ತಿಯ ಮೇಲೆ ನೇರವಾಗಿ ಉರಿಯುವ ಟ್ಯೂಬಿನ ಕೆಳಗೆ. ಅವಳು ಟ್ಯೂಬ್ ಆರಿಸಿದಳು. ಮೇಜನ್ನು ಮುಂದಕ್ಕೆಳೆದು ಬಲಗೋಡೆಗೆ ಕೂಡಿಸಿದಳು, ಕುರ್ಚಿಯನ್ನು ಓರೆಯಾಗಿ ತಿರುಗಿಸಿದಳು. ಪೈಪು ಕಂಪನಿಯ ಜಾಹೀರಾತಿನ ಹಾಳೆಯೊಂದನ್ನು ಮಗುಚಿ, ಬಿಳಿಯ ಬದಿ ಕುರ್ಚಿಯತ್ತ ಬರುವಂತೆ ಎಡಗಡೆ ಕಟ್ಟಿದಳು. ಅವನ ಮುಖ ತೊಳೆಸಿ, ಕೆನೆಬಣ್ಣದ ಅಂಗಿ ತೊಡಿಸಿ ಕೂರಿಸಿದಳು. ಅಂಗಡಿಯ ಸಾಮಾನಿನಲ್ಲಿ ತಾನೂ ಒಂದು ಎಂಬಂತೆ ಅವನು ಸರಿಸಿದ ಕಡೆಗೆ ಸರಿದ.

'ಹಿಂಗ ಎಷ್ಟು ದಿನ, ಅನೂ?' ಎಂದ, ಕುಳಿತ ಮೇಲೆ. 'ಲಗ್ನ ಆದ ಮ್ಯಾಲ ಆಕಿ ನನ್ನ ಕಿಡಕಿ ಬಾಜೂಕ ನಿಂದ್ರಿಸಿ ನೋಡ್ತಾಳೇನು?'

'ಗದ್ದ ಕೆಳಗ,' ಎಂದಳು ಅನುರಾಧಾ.

ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಬಸವಕುಮಾರ ಮಾಸ್ತರರು ಬಂದರು. ಈ ಸಲ ಅವರ ಜೊತೆ ಅಕ್ಕ ಇರಲಿಲ್ಲ, ಮಗಳಿದ್ದಳು. ಶೀತಲ್ ಕನ್ನಡಕ ಹಾಕಿದ್ದಳು. ಹೆಗಲಿನ ಚೀಲದಿಂದ ಊಟದ ಡಬ್ಬಿಯ ಮುಚ್ಚಳ ಇಣುಕುತ್ತಿತ್ತು. ಕಚೇರಿಯಿಂದ ಒಂದು ತಾಸು ಬಿಡಿಸಿಕೊಂಡು ಬಂದವಳಂತೆ ಗೋಡೆಯ ಗಡಿಯಾರ ನೋಡಿದಳು.

'ಶರಣ್ರಿ,' ಎಂದರು ಮಾಸ್ತರರು, ಹೊಸ್ತಿಲಲ್ಲೇ. ಕುರ್ಚಿಯಲ್ಲಿದ್ದವನನ್ನು ನೋಡಿ ಮುಖ ಅರಳಿತು. 'ಸಾವ್ಕಾರ್ರು ಸಿಕ್ಕ್ರಲ್ಲ. ಹೋದ ಸಲ ಬಂದಾಗ ನಿಮ್ಮ ಆಳು...' ಅಷ್ಟು ಹೇಳಿ ನಿಂತರು. ಕಣ್ಣು ಕಿರಿದು ಮಾಡಿದರು.

ಧನರಾಜ ಎದ್ದ. ಅನುರಾಧಾ ಅವನ ಅಂಗಿಯ ತುದಿ ಹಿಡಿಯಬೇಕೆಂದುಕೊಂಡಳು, ಹಿಡಿಯಲಿಲ್ಲ. ಅವನು ಮೇಜನ್ನು ಬಳಸಿ ಬಂದು, ಹಿಂದಿನ ಗೋಡೆಯ ಗುಂಡಿ ಒತ್ತಿ ಟ್ಯೂಬ್ ಹಚ್ಚಿದ. ಅದರ ಕೆಳಗೆ, ಅವರ ಎದುರಿಗೆ ನಿಂತ. ನೆತ್ತಿ ಹೊಳೆಯಿತು. ಕಣ್ಣಿನ ಕೆಳಗೆ ಎರಡು ಗುಳಿಗಳು ಬಿದ್ದವು.

'ಆವತ್ತು ಇದ್ದಾಂವನೂ ನಾನೇ ರಿ, ಮಾಸ್ತರ. ಸುಳ್ಳು ಹೇಳ್ದೆ. ತಪ್ಪಾತು.'

ಮಾಸ್ತರರು ಮೊಬೈಲನ್ನು ನೋಡಿದರು, ಅವನನ್ನು ನೋಡಿದರು. 'ಇದು ಹಳೀ ಫೋಟೋ ಏನ್ರಿ?'

'ಹನ್ನೊಂದು ದಿನದ್ದದ್ರಿ,' ಎಂದಳು ಅನುರಾಧಾ. 'ನಾನೇ ತಗದೀನಿ.'

'ಪಗಾರ ಟೈಮಿಗಿ ಕೊಡ್ತಾರ ಅಂದಿದ್ರಂತಲ್ಲ,' ಎಂದಳು ಶೀತಲ್. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ದಣಿವು ಇತ್ತು, ಅದರೊಳಗೆ ಸ್ವಲ್ಪ ತಮಾಷೆಯೂ ಇತ್ತು. 'ಅದಾದ್ರೂ ಖರೆ ಏನ್ರಿ?'

'ಪಗಾರದವ್ರು ಯಾರೂ ಇಲ್ರಿ ಇಲ್ಲಿ. ನಾ ಒಬ್ಬನೇ.'

ಶೀತಲ್ ತಲೆಯಾಡಿಸಿದಳು, ನಂಬಬಹುದಾದ ಒಂದು ಅಂಶವನ್ನು ಕೊನೆಗೂ ಕೇಳಿದವಳಂತೆ. ಅನುರಾಧಾ ಕೊಟ್ಟ ಸ್ಟೂಲಿನ ಮೇಲೆ ಮಾಸ್ತರರು ಕುಳಿತರು.

'ನೀವು ನೆಟ್ಟಗ ಹೇಳಿದ್ರಿ, ನಾನೂ ನೆಟ್ಟಗ ಕೇಳ್ತೀನಿ,' ಎಂದರು. 'ಮುಡಬಿಯವ್ರ ಜೋಡಿ ನಿಮ್ದು ಸಾಟಿ ನಡದದ ಅಂತ ಸುದ್ದಿ ಅದ. ನಾವು ಹ್ಞೂಂ ಅಂದ್ರ ಅದನ್ನ ಬಿಡ್ತೀರಿ, ಇಲ್ಲಂದ್ರ ಹಿಡೀತೀರಿ. ಹೌದಲ್ರಿ? ನಮ್ಮ ಹುಡುಗಿ ಹಿಂದ ಇನ್ನೊಬ್ಬಾಕಿನ್ನ ನಿಂದ್ರಿಸಿ ಮಾತಾಡೂದು ನಮಗ ಸೇರಂಗಿಲ್ಲ.'

ಅಂಗಡಿಯ ಮುಂದೆ ಬಸ್ಸೊಂದು ಹಿಂದಕ್ಕೆ ಸರಿಯುತ್ತಿತ್ತು; ಕಂಡಕ್ಟರು ತಗಡು ಬಡಿದು ದಾರಿ ತೋರಿಸುತ್ತಿದ್ದ. ಆ ಸದ್ದು ಮುಗಿಯುವವರೆಗೆ ಧನರಾಜ ಸುಮ್ಮನಿದ್ದ. ಈ ಮೌನ ಅನುರಾಧಾಳಿಗೆ ಪರಿಚಯವಿತ್ತು. ಅವಳು ನೆಲ ನೋಡಿದಳು.

'ಇಲ್ರಿ,' ಎಂದ ಧನರಾಜ. 'ನೀವು ಹ್ಞೂಂ ಅಂದ್ರೂ ಇಲ್ಲ, ಇಲ್ಲ ಅಂದ್ರೂ ಇಲ್ಲ. ಈಕಿ ನನ್ನ ತಂಗಿ. ಈಕಿನ್ನ ಸಾಟಿಗಿ ಕೊಡಂಗಿಲ್ಲ.'

ಮಾಸ್ತರರು ಅನುರಾಧಾಳತ್ತ ನೋಡಿ ಮತ್ತೆ ಅವನತ್ತ ನೋಡಿದರು. ಚಹಾ ಬೇಡವೆಂದರು. 'ಮನ್ಯಾಗ ಮಾತಾಡಿ ಹೇಳ್ತೀವ್ರಿ,' ಎಂದು ಎದ್ದರು. ಎಂಟು ವರ್ಷಗಳಲ್ಲಿ ಆ ಮಾತನ್ನು ಈ ಮನೆಯವರು ಎಷ್ಟು ಸಲ ಕೇಳಿದ್ದರೆಂದರೆ ಅದಕ್ಕೆ ಅರ್ಥ ಹುಡುಕುವುದನ್ನೇ ಬಿಟ್ಟಿದ್ದರು. ಶೀತಲ್ ಹೊಸ್ತಿಲಲ್ಲಿ ನಿಂತು, 'ನಿಮ್ಮ ನಂಬರ್ ಪುಸ್ತಕದಾಗಿಂದೇ ಅಲ್ರಿ?' ಎಂದು ಕೇಳಿದಳು. ಹೌದೆಂದ. ಅವಳು ಗಡಿಯಾರ ನೋಡಿಕೊಂಡು ಇಳಿದುಹೋದಳು.

ಅವರು ತಿರುವು ದಾಟಿದ ಮೇಲೆ ಧನರಾಜ ತಂದೆಗೆ ಫೋನು ಹಚ್ಚಿದ. ಬಕ್ಕಪ್ಪನ ದನಿ ಅಂಗಡಿಯ ಬಾಗಿಲವರೆಗೆ ಕೇಳುತ್ತಿತ್ತು.

'ಮಾಸ್ತರು ಹ್ಞೂಂ ಅಂದ್ರೇನು?'

'ಗೊತ್ತಿಲ್ಲಪ್ಪಾ. ಹೇಳ್ತೀವಿ ಅಂದಾರ. ಮುಡಬಿಯವ್ರಿಗೆ ಇವತ್ತೇ ಆಗಂಗಿಲ್ಲ ಅಂತ ಹೇಳಿಬಿಡ್ರಿ.'

'ಹುಚ್ಚಾಗೀಯೇನು? ಇವ್ರದು ಗಟ್ಟಿ ಆಗ್ಲಾರದ ಅದನ್ನ ಯಾಕ ಬಿಡ್ಬೇಕು? ಶನಿವಾರ ತನಕ ನಿಂದ್ರು. ನಿನ್ನ ಸಲುವಾಗೇ ಅಲ್ಲೇನು ಇದೆಲ್ಲ?'

'ನನ್ನ ಸಲುವಾಗಿ ಬ್ಯಾಡ. ನೀವು ಹೇಳ್ತೀರೋ, ನಾನೇ ಹೇಳ್ಲೋ?'

ಬಕ್ಕಪ್ಪ ಮತ್ತೆ ಶನಿವಾರದ ಮಾತನ್ನೇ ತೆಗೆದ. ಧನರಾಜ ಫೋನಿಟ್ಟ. ಮುಡಬಿಯ ನಂಬರನ್ನು ತಾನೇ ಹುಡುಕಿ ಹಚ್ಚಿದ. ಪೈಪುಗಳ ಕಟ್ಟಿಗೆ ಒರಗಿ ನಿಂತು, 'ಶರಣ್ರಿ, ನಾ ಬಸವಕಲ್ಯಾಣದ ಬಕ್ಕಪ್ಪನ ಮಗ,' ಎಂದು ಮೊದಲಿಟ್ಟ. ಅಷ್ಟರಲ್ಲಿ ಒಬ್ಬ ಗಿರಾಕಿ ಬಂದು ಪೈಪು ತಿರುಗಿಸುವ ಅರ್ಧ ಇಂಚಿನ ಎಲ್ಬೋ ಕೇಳಿದ. ಯಾವ ಡಬ್ಬಿಯಲ್ಲಿ ಎಂದು ಅನುರಾಧಾ ಕಣ್ಣಿನಲ್ಲೇ ಅಣ್ಣನನ್ನು ಕೇಳಿದಳು. ಅವನು ಮೂರು ಬೆರಳು ತೋರಿಸಿದ. ಅವಳು ಮೂರನೆಯ ಡಬ್ಬಿಯಿಂದ ಎಣಿಸಿ ಕೊಟ್ಟಳು. ಗಿರಾಕಿ ಹೋದ. ಫೋನು ಮುಗಿಯಲಿಲ್ಲ.

ಆ ಕಡೆಯವರು ಕಾರಣ ಕೇಳುತ್ತಲೇ ಇದ್ದರು. ಹುಡುಗಿ ಹಿಡಿಸಲಿಲ್ಲವೇ, ಮನೆತನ ಹಿಡಿಸಲಿಲ್ಲವೇ, ಯಾರಾದರೂ ಏನಾದರೂ ಕಿವಿಯೂದಿದರೇ. ಪ್ರತಿಯೊಂದಕ್ಕೂ ಅವನು ಇಲ್ರಿ ಎನ್ನುತ್ತಿದ್ದ, ತಪ್ಪು ತಿಳೀಬ್ಯಾಡ್ರಿ ಎನ್ನುತ್ತಿದ್ದ. ಅವನ ಬಳಿ ಇದ್ದದ್ದು ಒಂದೇ ಕಾರಣ. ಅದನ್ನೇ ದನಿ ಏರಿಸದೆ, ಇಳಿಸದೆ, ದಣಿದ ಗಂಟಲಿನಲ್ಲಿ ಮೂರನೆಯ ಸಲ ಹೇಳುತ್ತಿದ್ದ.

'ನನ್ನ ತಂಗಿನ್ನ ಯಾರೂ ಒಂದು ಮಾತು ಕೇಳಿಲ್ರಿ.'